ನಲವತ್ತಮೂರು ನಿಮಿಷ

ಏಳನೇ ಕಲಮಿನ ಪ್ರಕಾರ ಯಂತ್ರ
ತಿಂಗಳಿಗೆ ನಲವತ್ತಮೂರು ನಿಮಿಷ ಸಾಯಬಹುದು.
ನೂರಕ್ಕೆ ತೊಂಬತ್ತೊಂಬತ್ತು ಬಿಂದು ಒಂಬತ್ತು:
ನಾನೇ ಸಹಿ ಹಾಕಿದ್ದು, ನೀಲಿ ಶಾಯಿಯಲ್ಲಿ,
ಪುಟಪುಟದ ಮೂಲೆಗೂ ಹೆಸರಿನ ಮೊದಲಕ್ಷರ ಗೀಚಿ.
ಆ ನಲವತ್ತಮೂರು ಯಾವ ಹೊತ್ತಿನವು ಅಂತ
ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ.

ಒಲ್ಯಾಂವ್ ಬಂದರಿನ ಹರಾಜುಕಟ್ಟೆ,
ಬೆಳಗಿನ ಐದಕ್ಕೆ ಹತ್ತು ನಿಮಿಷ ಬಾಕಿ.
ಏಳು ದೋಣಿಯ ಬೂತಾಯಿ ಪೆಟ್ಟಿಗೆಗಳಲ್ಲಿ
ಕಣ್ಣು ಮುಚ್ಚದೆ ಸಾಲಾಗಿ ಮಲಗಿದೆ.
ಇಲ್ಲಿ ಬೆಲೆ ಏರುವುದಿಲ್ಲ, ಇಳಿಯುತ್ತದೆ;
ಗೋಡೆಯ ಕೆಂಪು ಅಂಕಿ ಮೇಲಿಂದ ಜಾರುತ್ತ ಬರುತ್ತದೆ,
ಮೊದಲು ಗುಂಡಿ ಒತ್ತಿದವರಿಗೆ ಮೀನು.
ಅವತ್ತು ಎರಡು ಯೂರೋ ನಲವತ್ತಕ್ಕೆ ಬಂದದ್ದು
ಕೆಸರಲ್ಲಿ ಕಾಲು ಹೂತವರ ಹಾಗೆ
ನಿಂತುಬಿಟ್ಟಿತು.

ಬ್ರಾಗಾಕ್ಕೆ ಫೋನು ಮಾಡಿದೆ.
"ದೂರು ದಾಖಲಾಯಿತು, ಮೊದಲ ದರ್ಜೆ,
ಹದಿನೈದು ನಿಮಿಷದೊಳಗೆ ಸ್ಪಂದಿಸುತ್ತೇವೆ."
ಹದಿನಾಲ್ಕನೆಯ ನಿಮಿಷಕ್ಕೆ ಸ್ಪಂದಿಸಿದರು:
"ನಿಮ್ಮ ದೂರು ನಮ್ಮನ್ನು ತಲುಪಿದೆ."
ಆಡಿದ ಮಾತಿಗೆ ತಪ್ಪಲಿಲ್ಲ.
ಸ್ಪಂದನೆಗೊಂದು ಗಡುವು, ದುರಸ್ತಿಗೆ ಇನ್ನೊಂದು.
ನಡುವೆ ನಾಲ್ಕು ಗಂಟೆ,
ಮತ್ತು ಕರಗುತ್ತಿರುವ ಮಂಜುಗಡ್ಡೆ.

"ಆ ಕಾಗದದಲ್ಲಿ ನಮ್ಮ ಬಗ್ಗೆ ಏನಿದೆ, ಓದು"
ಅಂದ ದೋಣಿಯ ಯಜಮಾನ ಫಿರ್ಮೀನು.
ಓದಿದೆ: ಯುದ್ಧ, ಭೂಕಂಪ, ಸಮುದ್ರದ ಮುನಿಸು,
ಇವಕ್ಕೆ ಕಂಪನಿ ಹೊಣೆಯಲ್ಲ.
ಅವನು ನಕ್ಕ, ಮೂಗಿನಿಂದ ನೀರು ಬರುವಷ್ಟು.
"ಬ್ರಾಗಾದಲ್ಲಿ! ಸಮುದ್ರ ಅವರನ್ನೇನು ಮಾಡೀತು?"

ಯಾರೋ ಹುಡುಗನನ್ನು ಓಡಿಸಿದರು.
ಬೆಲ್ಮೀರು ಬಂದ, ಮನೆಚಪ್ಪಲಿಯಲ್ಲೇ,
ಮಲಗುವ ಅಂಗಿಯ ಮೇಲೊಂದು ಕೋಟು.
ಯಂತ್ರ ಬರುವ ಮುಂಚೆ ಮೂವತ್ತೊಂದು ವರ್ಷ
ಈ ಕಟ್ಟೆಯ ಬೆಲೆ ಇದ್ದದ್ದು ಅವನ ಗಂಟಲಲ್ಲಿ.
ಖಾಲಿ ಪೆಟ್ಟಿಗೆ ಬೋರಲು ಹಾಕಿ ಹತ್ತಿದ, ಕೆಮ್ಮಿದ,
ಮತ್ತೆ ಒಂದೇ ಉಸಿರಿಗೆ
ನಲವತ್ತು ಮೂವತ್ತೊಂಬತ್ತು ಮೂವತ್ತೆಂಟು ಮೂವತ್ತೇಳು
ಮೆಟ್ಟಿಲಿಳಿಯುವ ಮಗುವಿನ ಹಾಗೆ ದಡದಡ.
ಒಬ್ಬ ಹುಡುಗ ಇನ್ನೂ ಸತ್ತ ಗುಂಡಿಯನ್ನೇ ಒತ್ತುತ್ತಿದ್ದ.
"ಶುಯ್!" ಅಂತ ಮೊದಲು ಕೂಗಿದ್ದು ಜುಲ್ಮೀರಾ,
ಸೇತುವೆ ಹತ್ತಿರದ ಖಾನಾವಳಿಯವಳು.
ಕೂಗಿ, ತನ್ನ ದನಿಗೆ ತಾನೇ ಬೆಚ್ಚಿ
ಬಾಯಿ ಮುಚ್ಚಿಕೊಂಡಳು.

ನಲವತ್ತೊಂದನೆಯ ನಿಮಿಷಕ್ಕೆ ಅಂಕಿ ಹೊತ್ತಿಕೊಂಡಿತು.
ಅವನ ಉಸಿರಿನ್ನೂ ಮುಗಿದಿರಲಿಲ್ಲ.
ಕಾದೆವು.

ತಿಂಗಳ ವರದಿ ಬಂತು: ಹಸಿರು ಬಣ್ಣ.
ಲಭ್ಯತೆ ಗುರಿಗಿಂತ ಕೂದಲೆಳೆಯಷ್ಟು ಹೆಚ್ಚು. ದಂಡ: ಸೊನ್ನೆ.
ಇನ್ನೆರಡು ನಿಮಿಷ ಉಳಿದಿದ್ದವು.
ತಿಂಗಳು ಕಳೆಯುವ ತನಕ ಕಿಸೆಯ ಚಿಲ್ಲರೆಯಂತೆ
ಅವನ್ನೇ ಎಣಿಸುತ್ತಿದ್ದೆ.

ನವೀಕರಣಕ್ಕೆ ಲಿಸ್ಬನ್ನಿನಿಂದ ವಕೀಲ ಸಲೇಮ ಬಂದ
(ನಮ್ಮಲ್ಲಿ ಅದೊಂದು ಮೀನಿನ ಹೆಸರೂ ಹೌದು).
ಅನುಬಂಧ 'ಈ'ಯಲ್ಲಿ ಬದಲಿ ವ್ಯವಸ್ಥೆ ಅಂತ ನಾನು ಬರೆದಿದ್ದೆ:
ಬೆಲ್ಮೀರು, ಬೇಕರಿಯ ಮಹಡಿ, ಹಸಿರು ಬಾಗಿಲು.
"ಇವನು ಕರಾರಿನ ಪಕ್ಷಗಾರನಲ್ಲ" ಎಂದು ಗೀಟೆಳೆದ.
"ಇವನ ಲಭ್ಯತೆ ಎಷ್ಟು? ಅಳೆದವರು ಯಾರು?"

ಸಂಜೆ ಹೋಗಿ ಬೆಲ್ಮೀರುವನ್ನೇ ಕೇಳಿದೆ.
ಸಹಿಯ ಮಾತಿಗೆ ಅವನು ಕಿವಿಗೊಡಲಿಲ್ಲ,
ಬ್ರೆಡ್ಡಿನ ತುದಿ ಮುರಿದು ಕೈಗಿತ್ತ.
"ಬಾಗಿಲು ಬಡಿ, ಸಾಕು.
ಜೋರಾಗಿ ಬಡಿ. ಎಡಗಿವಿ ಹೋಗಿದೆ,
ನಾನು ಮಲಗುವುದು ಬಲಕ್ಕೆ."