ನುಸುಳುಗಾಳಿ

ಶಾರ್ಜಾದ ಹದಿಮೂರನೇ ಇಂಡಸ್ಟ್ರಿಯಲ್ ಏರಿಯಾ,
ಶಟರ್ ಅರ್ಧ ಎತ್ತಿದ ಗ್ಯಾರೇಜು.
ಡಿಪ್‌ಸ್ಟಿಕ್ ತಾನಾಗಿ ಹೊರಬಂದಿದೆ ಮತ್ತೆ,
ಎರಡು ಬೆರಳಷ್ಟು,
ಮಾತು ತಡೆಯಲಾರದವರ ನಾಲಗೆಯ ಹಾಗೆ.

ಸುಹೈಲನ ಕಾರು. ನಾಲ್ಕು ಸಿಲಿಂಡರು, ದೊಡ್ಡ ಟರ್ಬೊ,
ಬಾನೆಟ್ಟಿನೊಳಗೆಲ್ಲ ಎಣ್ಣೆಯ ತುಂತುರು.
ದೇಜಪ್ಪಣ್ಣ ಆಯಿಲ್ ಮುಚ್ಚಳ ಬಿಚ್ಚಿ
ಬಾಯಿಗೆ ಅಂಗೈ ಒತ್ತಿ ಕಣ್ಣು ಮುಚ್ಚಿದ.
ಮೂವತ್ತೊಂದು ವರ್ಷ ಇದೇ ಅಂಗೈ,
ಮುಲ್ಕಿಯ ಲಾರಿ ಶೆಡ್ಡಿನಿಂದ ಇಲ್ಲಿಯವರೆಗೆ.
"ರಿಂಗ್ ಹೋಗಿದೆ ಮಾರಾಯಾ. ಮೂರನೇದು. ಇಂಜಿನ್ ಇಳಿಸು."

ನಾನು ಇಳಿಸಲಿಲ್ಲ.
ಡಿಪ್‌ಸ್ಟಿಕ್ಕಿನ ಕೊಳವೆಗೇ ರಬ್ಬರು ನಳಿಗೆ ಸಿಕ್ಕಿಸಿ
ತುದಿಗೆ ಹೆಬ್ಬೆರಳಷ್ಟು ಸೆನ್ಸರು ಕಟ್ಟಿದೆ.
ಮೂರು ತಂತಿ: ಐದು ವೋಲ್ಟು, ಅರ್ತು, ಮತ್ತೊಂದು ಮಾತಾಡುವುದು.
ನಡುವೆ ಸೂಜಿತೂತಿನ ಹಿತ್ತಾಳೆ ಬಿರಡೆ;
ಅದಿಲ್ಲದಿದ್ದರೆ ಪಿಸ್ಟನ್ನುಗಳ ಏರಿಳಿತವೆಲ್ಲ
ಗೆರೆಯ ಮೇಲೆ ಬಂದು ಕುಣಿದು
ಓದಲಿಕ್ಕೇ ಆಗುವುದಿಲ್ಲ.

ಇಂಜಿನ್ ಹಚ್ಚುವ ಮುನ್ನ ಪರದೆ ನೋಡಿದೆ.
ಸೊನ್ನೆ ಇರಲಿಲ್ಲ. ತೊಂಬತ್ತೊಂಬತ್ತು ಪಾಯಿಂಟ್ ಆರು ಕಿಲೋಪಾಸ್ಕಲ್.
ಆಗಸ್ಟಿನ ಶಾರ್ಜಾದ ಮೇಲೆ ಕೂತ ಆಕಾಶದ ತೂಕ ಅದು.
ಸುಮ್ಮನೆ ಬಿದ್ದ ಇಂಜಿನ್ನಿಗೂ, ನನ್ನ ಸುಲೈಮಾನಿ ಲೋಟಕ್ಕೂ,
ಹೊರಗೆ ರಟ್ಟಿನ ಮೇಲೆ ಮಲಗಿದ ಪೇಶಾವರದ ಹುಡುಗನಿಗೂ
ಒಂದೇ ತೂಕ.
ಚಳಿಗಾಲದಲ್ಲಿ ಇನ್ನೆರಡು ಹೆಚ್ಚು ಬರುತ್ತದೆ.
ಬೇಸಗೆಯ ಆಕಾಶವೇ ಹಗುರ. ಇಲ್ಲಿ ಯಾರಿಗೆ ಹೇಳಿದರೂ ನಂಬುವುದಿಲ್ಲ.

ನಾನು ಹುಡುಕುತ್ತಿದ್ದುದು ಅದರ ಮೇಲೆ ಸೇರಿಕೊಂಡದ್ದನ್ನು.
ಮೇಲೆ ಬೆಂಕಿ, ಕೆಳಗೆ ಎಣ್ಣೆಯ ಕತ್ತಲು,
ನಡುವೆ ರಿಂಗಿನ ಬಾಗಿಲು.
ಎಷ್ಟು ಬಿಗಿಯಾಗಿ ಕೂರಿಸಿದರೂ ಸ್ವಲ್ಪ ನುಸುಳುತ್ತದೆ;
ನುಸುಳದ ಇಂಜಿನ್ ಭೂಮಿಯ ಮೇಲಿಲ್ಲ.
ನುಸುಳಿದ್ದಕ್ಕೆ ಹೊರದಾರಿ ಇದೆಯೇ, ಅಷ್ಟೇ ಪ್ರಶ್ನೆ.

ಬೆಳಗಿನ ಜಾವ, ಉಮ್ಮುಲ್ ಖುವೈನ್ ದಾಟಿ ಟ್ರ್ಯಾಕು.
ಆಗ್ನೇಯದಲ್ಲಿ, ಮರಳಿಗೆ ತಾಗಿಕೊಂಡು ಒಂದು ನಕ್ಷತ್ರ.
"ನನ್ನ ಹೆಸರು," ಎಂದ ಸುಹೈಲ್ ಹೆಲ್ಮೆಟ್ಟಿನೊಳಗಿಂದ,
"ಅದು ಕಂಡ ಮೇಲೆ ಸೆಕೆ ಇಳಿಯುತ್ತದೆ ಅನ್ನುತ್ತಿದ್ದಳು ಅಜ್ಜಿ."
ನಮ್ಮಲ್ಲಿ ಅದು ಅಗಸ್ತ್ಯ, ಕಡಲು ಕುಡಿದವನು.
ಈ ಗಾಳಿ ನೋಡಿದರೆ
ಕುಡಿದದ್ದನ್ನೆಲ್ಲ ಇಲ್ಲೇ ಉಗುಳಿರಬೇಕು.

ಮೂರನೇ ಗೇರು. ನಾಲ್ಕನೇದು.
ಆರು ಸಾವಿರದ ಇನ್ನೂರರಲ್ಲಿ ಗೆರೆ ಎದ್ದಿತು:
ನೂರ ಒಂಬತ್ತು, ನೂರ ಹದಿನಾಲ್ಕು, ನೂರ ಹದಿನೆಂಟು.
ಅವನು ಕಾಲೆತ್ತಿದ.
ಟರ್ಬೊ ಬುಸ್ಸೆಂದು ಬಿಟ್ಟಿತು. ಗೆರೆ ಬಿಡಲಿಲ್ಲ.
ಒಂದೇ ಬಾಗಿಲ ಲೇಬರ್ ಬಸ್ಸಿನಿಂದ ಜನ ಇಳಿಯುವಂತೆ
ಇಳಿಯಿತು, ಏಳು ಸೆಕೆಂಡು.

ಬರೀ ರಿಂಗ್ ಹೋಗಿದ್ದರೆ ಕಾಲೆತ್ತಿದೊಡನೆ ಬೀಳಬೇಕಿತ್ತು.

ಬ್ರೀದರ್ ಹೋಸನ್ನು ಉದ್ದಕ್ಕೂ ಸೀಳಿದೆ.
ಹೊರಗೆ ಹೊಸದರ ಹಾಗೆ, ಕಪ್ಪಗೆ ಮಿರಮಿರ.
ಒಳಪದರ ಬಿಸಿಗೆ ಕಳಚಿಕೊಂಡು ಉಬ್ಬಿ
ಬೆಂಕಿಕಡ್ಡಿ ತೂರುವಷ್ಟೂ ಜಾಗವಿರಲಿಲ್ಲ.
ಇಪ್ಪತ್ತೆರಡು ದಿರ್ಹಮಿನ ಹೋಸು.

ದೇಜಪ್ಪಣ್ಣ ಅದನ್ನು ತಿರುಗಿಸಿ ತಿರುಗಿಸಿ ನೋಡಿದ.
ಅವನ ಎಡಗೈ ಟರ್ಬೊದ ಪಕ್ಕ ಮ್ಯಾನಿಫೋಲ್ಡಿಗೆ ಒರಗಿತ್ತು,
ಇನ್ನೂ ಆರದ ಕಬ್ಬಿಣಕ್ಕೆ.
ವಾಸನೆ ಬಂದದ್ದು ನನಗೆ. ಕೂಗಿದ್ದು ನಾನು.
"ಸಕ್ಕರೆ," ಎಂದ ನಲ್ಲಿಯ ಕೆಳಗೆ ಕೈ ಹಿಡಿದು,
"ಎರಡು ವರ್ಷವಾಯಿತು, ಎರಡೂ ಕೈ. ಅರ್ಬಾಬನಿಗೆ ಹೇಳಬೇಡ."

ಸಂಜೆ ಹೊಸ ಹೋಸು ಹಾಕಿ ಇಂಜಿನ್ ಹಚ್ಚಿದಾಗ
ಅವನು ಮುಚ್ಚಳ ಬಿಚ್ಚಿ
ಬ್ಯಾಂಡೇಜಿಲ್ಲದ ಕೈಯನ್ನು ಬಾಯಿಗಿಟ್ಟು
ಕಣ್ಣು ಮುಚ್ಚಿದ. ಸ್ವಲ್ಪ ಹೊತ್ತು ಬಿಟ್ಟು,
ನನ್ನ ಕಡೆ ತಿರುಗದೆ, ಮೆಲ್ಲಗೆ:
"ಎಷ್ಟು?"
"ನೂರು ಪಾಯಿಂಟ್ ಎರಡು."
"ಹ್ಞಾಂ," ಎಂದ, "ಅಷ್ಟೇ ಇದೆ."

ಸುಹೈಲನಿಗೆ ಫೋನು ಮಾಡಿ ಹೇಳಿದ್ದೂ ಅವನೇ.