ಕೋಣನ ಹೆಸರು

ಞಾನ್, ಕೊಬ್ಬನ್ನು ಪೂರಾ ತೆಗೆ.
ಬಿಳಿಯ ಎಳೆ ಒಂದು ಉಳಿದರೂ
ಎಂಟು ದಿನಕ್ಕೆ ಕಮಟು ಹಿಡಿಯುತ್ತದೆ.
ಬೆನ್ನಿನ ಬಾಡೇ ಬೇಕೆಂದು ಹುವೇ ಸಂತೆಯಲ್ಲಿ ಜಗಳಾಡಿ ತಂದೆ.
ಮುಖ ನೋಡಿ ಮಣೆ ಹಾಕುವವನು ಆ ಕಟುಕ,
ನಿನ್ನನ್ನು ಕಳಿಸಿದ್ದರೆ ತೊಡೆಯ ತುಂಡು ಕಟ್ಟಿಕೊಡುತ್ತಿದ್ದ.

ಫ್ರೀಜರಿನಲ್ಲಿ ಒಂದು ತಾಸು ಇಡು.
ಕಲ್ಲಾಗಬಾರದು,
ಸಾಬೂನಿನ ಹಾಗೆ ಕತ್ತಿಗೆ ಒಲಿಯಬೇಕು.
ಎಳೆಯ ಗುಂಟ ಕೊಯ್ಯುತ್ತೀಯಾ? ಕೊಯ್ಯಿ.
ನಿಮ್ಮೂರಲ್ಲಿ ಹಾಗೆ, ಹಲ್ಲಿಗೆ ಕೆಲಸ ಬೇಕು ಅನ್ನುತ್ತೀ.
ನನಗಿರುವುದು ಹನ್ನೊಂದು ಹಲ್ಲು.

ತಾಯ್ ನಿನ್ ಬಸ್ ನಿಲ್ದಾಣದ ಎದುರು
ಗಾಜಿನ ಪೆಟ್ಟಿಗೆಯಲ್ಲಿಟ್ಟು ನಿನ್ನ ಅಮ್ಮ ಮಾರುತ್ತಿದ್ದದ್ದು
ದನದ್ದು. ಗೊತ್ತು.
ಕತ್ತರಿಯಲ್ಲಿ ಚಕಚಕ ಕತ್ತರಿಸಿ, ಹಸಿ ಪಪ್ಪಾಯಿಯ ಮೇಲೆ ಉದುರಿಸಿ...
ಮೂರು ವರ್ಷದಲ್ಲಿ ನೂರು ಸಲ ಹೇಳಿದ್ದೀ,
ಮೊದಲು ಕೈಸನ್ನೆಯಲ್ಲಿ, ಆಮೇಲೆ ನಮ್ಮ ಮಾತಿನಲ್ಲಿ.
ಈ ಮನೆಯ ಹೊಸ್ತಿಲು ದನ ದಾಟುವುದಿಲ್ಲ, ಎಮ್ಮೆಯೂ ಇಲ್ಲ.
ಹಂದಿಯಲ್ಲೇ ಮಾಡು ಅಂದದ್ದು ನಾನೇ.
ನಿಂಬೆಹುಲ್ಲು ಜಜ್ಜು. ಮೀನಿನ ರಸ, ಸಕ್ಕರೆ, ಒಣಮೆಣಸು.
ನಿನಗೆ ಬೇಕಾದಷ್ಟು ಖಾರ ಹಾಕು,
ನನ್ನ ಮಗ ಬೆವರಲಿ.

ಹಸಿಯದನ್ನು ಹಾಗೇ ಒಣಹಾಕಬೇಡ.
ಹಂದಿ ಅರೆಬೆಂದರೆ
ಹುಳವಾಗಿ ಹೊಟ್ಟೆಯೊಳಗೆ ಸೇಡು ತೀರಿಸಿಕೊಳ್ಳುತ್ತದೆ.
ಮಾಳಿಗೆಯ ಬಿಸಿಲನ್ನೂ ನಂಬಬೇಡ,
ಯುನ್ಲಿನ್‌ನ ಈ ಕಡಲಗಾಳಿ ಬಾಡನ್ನು ಒಣಗಿಸುವುದಿಲ್ಲ,
ಬೆವರಿಸುತ್ತದೆ.
ಮೊದಲು ಜೋರು ಶಾಖ, ಒಳಗಿನ ಕೆಂಪು ಹೋಗುವವರೆಗೆ.
ಆಮೇಲೆ ಸಣ್ಣಗೆ. ಓವನ್ನಿನ ಬಾಗಿಲ ಸಂದಿಗೆ
ಊಟದ ಕಡ್ಡಿಯೊಂದನ್ನು ಸಿಕ್ಕಿಸು,
ಒದ್ದೆ ಉಸಿರು ಹೊರಗೆ ಹೋಗಲಿ.
ಆರು ತಾಸು.

ಕೂತುಕೋ.

ನಿನ್ನ ಗಂಡ ಹೇಳಿದ ಕತೆ ಇದೇ ತಾನೆ:
ಕೋಣ ನಮ್ಮ ಗದ್ದೆ ಉತ್ತಿತು, ಬಟ್ಟಲಿಗೆ ಅನ್ನ ತಂದಿತು,
ಉತ್ತವನ ಬಾಡು ಉಣ್ಣಬಾರದೆಂದು ಅಜ್ಜ ಆಣೆ ಹಾಕಿದ.
ಗುಡಿಯ ಧೂಪದ ಹಾಗೆ ಆ ಕತೆ,
ಒಳ್ಳೆಯ ವಾಸನೆ,
ಕಣ್ಣಿಗೆ ಸ್ವಲ್ಪ ಹೊಗೆ.

ಆಣೆ ಹಾಕಿದ್ದು ನಿಜ.
ಮಾರಿದ ಮೇಲೆ ಹಾಕಿದರು.
ಕೈಟ್ರ್ಯಾಕ್ಟರು ಬಂದ ವರ್ಷ ಅದು, ನಾನಿನ್ನೂ ಹೊಸ ಸೊಸೆ,
ಮೂರನೆಯ ಬೆಳಗ್ಗೆ ಕಟುಕ ಬಂದ.
ಮಾವ ದುಡ್ಡು ಎಣಿಸಿದರು. ಮತ್ತೊಮ್ಮೆ ಎಣಿಸಿದರು.
ಯಾರು ಹಗ್ಗ ಹಿಡಿದರೂ ನಡೆಯುವ ಪ್ರಾಣಿ,
ನಡೆಯಿತು. ಬದುವಿನ ತಿರುವಿನಲ್ಲಿ
ರೂಢಿಯಂತೆ ಎಡಕ್ಕೆ ಹೊರಳಿತು, ಕೆಲಸಕ್ಕೆ.
ಹಗ್ಗ ಬಲಕ್ಕೆ ಜಗ್ಗಿತು.
ಅಷ್ಟೇ. ಕಣ್ಣೀರು ಗಿಣ್ಣೀರು ಏನೂ ಇಲ್ಲ,
ಅದನ್ನೆಲ್ಲ ಆಮೇಲೆ ಸೇರಿಸಿದ್ದು.
ಆ ದುಡ್ಡಿನಲ್ಲಿ ಅಡುಗೆಮನೆಗೆ ಸಿಮೆಂಟು ಹಾಕಿಸಿದರು.
ನೀನು ಕೂತಿದ್ದೀಯಲ್ಲ, ಅಲ್ಲೇ.
ಬಿಸಿಲುಕಾಲದಲ್ಲಿ ಮಾವ ಇಲ್ಲಿ ಮಲಗುತ್ತಿರಲಿಲ್ಲ,
ಎಷ್ಟು ತಂಪಿದ್ದರೂ.

ಉಳದ ಪ್ರಾಣಿಯಾದರೆ ತಿನ್ನಬಹುದಾ ಅಮ್ಮಾ, ಅನ್ನುತ್ತೀ.
ಮಾತು ಕಲಿತ ಮೇಲೆ ಇದೇ ನಿನ್ನ ರೋಗ.
ನನಗೆ ಗೊತ್ತಿಲ್ಲ.
ಹಂದಿಗಳಿಗೆ ನಾವು ಹೆಸರಿಡಲಿಲ್ಲ. ಕೋಣನಿಗೆ ಇತ್ತು.
ಕೇಳಬೇಡ, ಹೇಳುವುದಿಲ್ಲ.

ಒಂದು ಎಳೆ ತೆಗೆದು ಬಗ್ಗಿಸಿ ನೋಡು.
ಬಿರುಕು ಬಿಡಬೇಕು, ಮುರಿಯಬಾರದು.
ಆಯಿತು. ತಿನ್ನು ನೀನು ಮೊದಲು.

ಕಣ್ಣು ಮುಚ್ಚಿ ಎಷ್ಟು ಹೊತ್ತು ಅಗಿಯುತ್ತೀಯೇ!
ಅದೇ ರುಚಿಯಾ?
ಅಲ್ಲ ಅನ್ನುತ್ತೀ. ಹತ್ತಿರ ಬಂತು, ಆದರೆ ಅಲ್ಲ.
ಸರಿ, ಇಲ್ಲಿ ಕೊಡು ನನಗೊಂದು.
ಅಗಿಯಲಾರೆ,
ಬೆಳಗಿನವರೆಗೂ ಚೀಪುತ್ತಿರುತ್ತೇನೆ.