ಸೊನ್ನೆಯಿಂದ ಹತ್ತರ ತನಕ

ರಾತ್ರಿ ಒಂಬತ್ತಕ್ಕೆ ನಾನು ಫೋನು ಹಚ್ಚಬೇಕು
ಹಲ್ಲು ಬೆಳ್ಳಗೆ ಮಾಡಿಸಿಕೊಂಡ ನಲವತ್ತೆಂಟು ಮಂದಿಗೆ.
"ಈಗ ಜುಮ್ಮು ಎಷ್ಟದ? ಸೊನ್ನೆ ಅಂದ್ರ ಏನೂ ಇಲ್ಲ,
ಹತ್ತು ಅಂದ್ರ ತಡಕೊಳ್ಳಾಕ ಆಗಂಗಿಲ್ಲ."
ಅಷ್ಟೇ ಕೇಳಬೇಕು. ಹೆಚ್ಚಿಗೆ ಮಾತು ಬೇಡ ಅಂತ
ಗೈಡ್ ಮೇಡಂ ನೀಲಿ ಪೆನ್ನಿನಲ್ಲಿ ಗೆರೆ ಎಳೆದು ಕೊಟ್ಟಿದ್ದಾರೆ.

ಎರಡು ಥರದ ಜೆಲ್ಲು. ಒಂದರಲ್ಲಿ ಜುಮ್ಮು ತಗ್ಗಿಸುವ ಔಷಧ,
ಇನ್ನೊಂದು ಬರೇ ಅಂಟು.
ಯಾರಿಗೆ ಯಾವುದೆಂದು ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.
ಗೊತ್ತಿರುವುದು ಕಪಾಟಿನೊಳಗಿನ ಒಂದು ಲಕೋಟೆಗೆ.

ನಂಬರ್ ಹನ್ನೊಂದು, ಇಂಡಿ ರೋಡಿನ ಬ್ಯಾಂಡ್ ಕಂಪನಿಯ
ಕ್ಲಾರಿನೆಟ್ಟಿನ ಬಂದಗಿಸಾಬ. "ನಾಕು," ಎಂದ. ತಡೆದು,
"ಮುಂಜಾನೆ ಪೀಪಿ ಹಲ್ಲಿಗೆ ತಾಗಿದಾಗ ಮಾತ್ರ ಎಂಟು."
ಮುಂಜಾನೆಯ ಎಂಟಕ್ಕೆ ನನ್ನ ಹಾಳೆಯಲ್ಲಿ ಮನೆ ಇಲ್ಲ.
ನಾಕು ಬರೆದೆ.

ನಂಬರ್ ಇಪ್ಪತ್ತಾರು, ವಿಜಯಪುರ–ತಾಳಿಕೋಟಿ ಬಸ್ಸಿನ ಕಂಡಕ್ಟರ್ ನಿಂಬೆವ್ವ.
ಅಂಕಿ ಬರುವುದಿಲ್ಲ ಅಂತಲ್ಲ,
ದಿನದ ಚಿಲ್ಲರೆಯಲ್ಲಿ ಒಂದು ರೂಪಾಯಿ ತಪ್ಪಿದವಳಲ್ಲ.
ನಾನು ಎಷ್ಟು ಅಂದರೆ ಅವಳು ಹೆಂಗ ಅನ್ನುವುದನ್ನೇ ಹೇಳುತ್ತಾಳೆ:
"ಒಂದು ಗುಟುಕು ನೀರು ಬಾಯಾಗ ಹಾಕ್ಕೊಂಡ್ನಿ ನೋಡ್ರಿ ಡಾಕ್ಟ್ರ,
ಹಗ್ಗ ಹರದು ಕೊಡ ಬಾವ್ಯಾಗ ಬಿದ್ದಂಗಾತು.
ಬಿದ್ದ ಸಪ್ಪಳ ಕಿವೀತನಕ ಬಂತು.
ಆಮ್ಯಾಲ ಎಷ್ಟೋ ಹೊತ್ತು ನೀರು ಅಳ್ಳಾಡಿಕೋತ ಇತ್ತು."
"ಎಷ್ಟಾತು ಅದು, ಸೊನ್ನೆಯಿಂದ ಹತ್ತರಾಗ?"
"ಬಾವಿ ಎಷ್ಟು ಆಳ ಐತಿ ಅನ್ನೂದರ ಮ್ಯಾಲ."
6 ಎಂದು ಬರೆದೆ. ಬರೆದ ಮೇಲೆ ಕಂಡಿತು:
ಮೇಲೊಂದು ತುಂಡು ಹಗ್ಗ, ಕೆಳಗೊಂದು ಕೊಡ.

ಶುರುವಿನಲ್ಲೇ ಮನೆಗೆ ಕಳಿಸಿದವರ ಲೆಕ್ಕ ಬೇರೆ.
ಬೋರಿನ ನೀರಿಗೆ ಹಲ್ಲಿನ ಮೇಲೆ ಕಂದು ಗೆರೆ ಬಿದ್ದವರು ಬೇಡ,
ವಸಡು ಬಾತವರು ಬೇಡ, ಮಶೇರಿ ತಿಕ್ಕುವವರು ಬೇಡ.
ನಿಯಮ.
ಬಬಲೇಶ್ವರದ ಕಡೆಯ ಚಂದ್ರಭಾಗವ್ವ ಬಾಗಿಲಲ್ಲೇ ನಿಂತು ಕೇಳಿದಳು:
"ಹಲ್ಲು ಛಲೋ ಇದ್ದವರಿಗೆ ಔಷಧ ಯಾಕ ಹಚ್ತೀರೇ ತಂಗಿ?"
ಉತ್ತರ ಮೂರನೇ ಪುಟದಲ್ಲಿತ್ತು, ನನ್ನ ಬಾಯಲ್ಲಿ ಇರಲಿಲ್ಲ.
ಒಂದು ಮೆತ್ತನ್ನ ಬ್ರಶ್ಶು ಕೊಟ್ಟೆ,
ಪ್ಲಾಸ್ಟಿಕ್ಕಿನ ದವಡೆ ಹಿಡಿದು ತೋರಿಸಿದೆ:
ಅಡ್ಡಡ್ಡ ತಿಕ್ಕಬ್ಯಾಡ್ರಿ, ಇದು ಬೋಗುಣಿ ಅಲ್ಲ.
ವಸಡಿನಿಂದ ಹಲ್ಲಿನ ಕಡೆ, ಹಗೂರಕ,
ಕೂಸಿನ ಹಣೆಮ್ಯಾಲಿನ ಕೂದಲಾ ಸರಿಸಿದಂಗ.
ಅವಳು ಅದನ್ನು ಸೊಂಟದ ಚೀಲಕ್ಕೆ ಸಿಕ್ಕಿಸಿಕೊಂಡಳು,
ಮಶೇರಿ ಡಬ್ಬಿಯ ಪಕ್ಕಕ್ಕೆ.

ಹದಿನೈದನೆಯ ದಿನ ನಿಂಬೆವ್ವ ಕುರ್ಚಿಯ ಮೇಲೆ.
ಬಣ್ಣದ ಪಟ್ಟಿ ಹಿಡಿದೆ, ಹದಿನಾರು ಪಿಂಗಾಣಿ ಹಲ್ಲು ಸಾಲಾಗಿ,
ಅಂಗಡಿಯವ ಸೀರೆಗೆ ಕುಪ್ಪಸದ ಅರಿವೆ ಹೋಲಿಸಿದ ಹಾಗೆ.
ಏಳು ಮೆಟ್ಟಿಲು ಬೆಳ್ಳಗಾಗಿತ್ತು. ಕನ್ನಡಿ ಕೊಟ್ಟೆ.
ನೋಡಿದಳು. ನಕ್ಕಳು.
ನಗು ಪೂರಾ ಅರಳುವ ಮೊದಲೇ ಬಲಗೈ ಎದ್ದು ಬಾಯಿ ಮುಚ್ಚಿತು,
ಟಿಕೆಟ್ ಮಷೀನಿನ ಗುಂಡಿ ಒತ್ತಿ ಹೆಬ್ಬೆರಳು ದಡ್ಡುಗಟ್ಟಿದ ಕೈ.
"ಸಾಲ್ಯಾಗ ನನಗ ಅರಿಷಿಣಬಾಯಿ ಅಂತಿದ್ರು," ಎಂದಳು ಬೆರಳ ಸಂದಿಯಿಂದ.
"ಕೈಗೂ ಏನರ ಜೆಲ್ಲು ಐತೇನ್ರಿ?"

ನಿನ್ನೆ ಲಕೋಟೆ ಒಡೆದೆವು.
ಬಂದಗಿಸಾಬನದು ಔಷಧ. ನಿಂಬೆವ್ವನದು ಬರೇ ಅಂಟು.
ಸರಾಸರಿಯ ವ್ಯತ್ಯಾಸ ಒಂದೂವರೆ,
ಮೇಡಂ ಪೇಡೆ ತರಿಸಿದರು. ಎಲ್ಲರೂ ತಿಂದೆವು.

ಪೇಡೆಯ ಮೇಲೆ ಗಡಿಗೆಯ ನೀರು, ಒಂದು ಲೋಟ.
ಕೆಳಗೆ, ಎಡಗಡೆ, ಹಿಂದಿನಿಂದ ಎರಡನೆಯ ಹಲ್ಲಿನಲ್ಲಿ
ಹಗ್ಗ ಹರಿಯಿತು.
ಲೋಟ ಹಿಡಿದುಕೊಂಡೇ ನಿಂತೆ,
ಸಪ್ಪಳಕ್ಕೆ ಕಾಯುತ್ತ.